ಎರಡು ಸಲ ಕೈತಪ್ಪಿದ ಫುಲ್ ಮ್ಯಾರಥಾನ್‌ಗೆ ಮತ್ತೆ ಹೋಗಬೇಕು ಅಂತಿದ್ದೇನೆ, ಓಡಿದವರು ದಾರಿ ಹೇಳಿ

ತಿಲಕವಾಡಿ_ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಬೆಳಗಾವಿಯವಳು, ಹೈಸ್ಕೂಲ್ ಟೀಚರ್, ವಯಸ್ಸು ನಲವತ್ತು ದಾಟಿದೆ. ಹಾಫ್ ಮ್ಯಾರಥಾನ್ ಸಾಕಷ್ಟು ಓಡಿದ್ದೇನೆ. ಫುಲ್, ಅಂದರೆ 42 ಕಿಲೋಮೀಟರ್, ಮಾತ್ರ ಇನ್ನೂ ಮುಗಿಸಿಲ್ಲ.

ಮೊದಲ ಸಲ ಮುಂಬೈಗೆ ತಯಾರಿ ಮಾಡುವಾಗ ಮುಂಗಾಲಿನ ಎಲುಬಿನಲ್ಲಿ ಸ್ಟ್ರೆಸ್ ಫ್ರಾಕ್ಚರ್ (ಮತ್ತೆ ಮತ್ತೆ ಭಾರ ಬಿದ್ದು ಆಗುವ ಸಣ್ಣ ಬಿರುಕು) ಆಯಿತು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ, ಎಂಆರ್‌ಐ ಮಾಡಿಸಿದ ಮೇಲೆ ಗೊತ್ತಾಯಿತು. ಮುಂದಿನ ವರ್ಷ ಓಡಲು ಹೋದೆ. ಮೂವತ್ತು ಕಿಲೋಮೀಟರ್ ದಾಟಿದ ಮೇಲೆ ಮೀನಖಂಡ ಹಿಡಿದುಕೊಂಡಿತು, ವಾಂತಿ ಬೇರೆ. ವಾಪಸ್ ಬರುವಾಗ ಪೆಡ್ಡರ್ ರೋಡಿನ ಏರು ಸಿಗುತ್ತದಲ್ಲ, ಅಲ್ಲಿಗೆ ತಲುಪುವ ಮೊದಲೇ ನನ್ನನ್ನು ಆಂಬುಲೆನ್ಸ್‌ನಲ್ಲಿ ಕೂರಿಸಿದರು. ಅದಾದ ಮೇಲೆ ಚಿಕೂನ್‌ಗುನ್ಯಾ ಬಂತು. ಬೆಳಗ್ಗೆ ಎದ್ದರೆ ಬೆರಳು ಮಡಚಲು ಆಗುತ್ತಿರಲಿಲ್ಲ, ಚಾಕ್‌ಪೀಸ್ ಹಿಡಿಯಲೂ ಕಷ್ಟ, ಇನ್ನು ಓಟದ ಮಾತೆಲ್ಲಿ.

ಈಗ ಕೀಲುನೋವು ಹೋಗಿದೆ. ಮಳೆಗಾಲದ ಉದ್ದಕ್ಕೂ ನಡೆಯುತ್ತಾ, ನಡುವೆ ಸ್ವಲ್ಪ ಓಡುತ್ತಾ ಬಂದೆ. ಕ್ಯಾಂಪ್ ಕಡೆ ದೊಡ್ಡ ಮರಗಳ ಕೆಳಗೆ ಜಿಟಿಜಿಟಿ ಮಳೆಯಲ್ಲಿ ಓಡುವಾಗ ಎಷ್ಟೋ ತಿಂಗಳ ಮೇಲೆ ಖುಷಿ ಅನಿಸಿತು. ಆದರೆ ಆ ಖುಷಿ ದಿನಾ ಬರುವುದಿಲ್ಲ. ಹೆಚ್ಚಿನ ದಿನ ವಾಚ್ ನೋಡುತ್ತೇನೆ, ಹಳೆಯ ಸ್ಪೀಡ್ ನೆನಪಾಗುತ್ತದೆ, ಕಾಲಲ್ಲಿ ಚೂರು ನೋವು ಬಂದರೂ ಎದೆ ಝಲ್ ಅನ್ನುತ್ತದೆ.

ನನಗೆ ಎರಡು ವಿಷಯ ಬೇಕು. ಬರುವ ಜನವರಿಗೆ ಫುಲ್ ಓಡಬಹುದಾ? ಓಡುವ ಖುಷಿ ನಿಮಗೆ ಹೇಗೆ ವಾಪಸ್ ಬಂತು? ಒಂದು ವಿನಂತಿ: "ಈ ವಯಸ್ಸಿನಲ್ಲಿ ಫುಲ್ ಯಾಕೆ, ಹಾಫ್ ಸಾಕಲ್ವಾ" ಅಂತ ದಯವಿಟ್ಟು ಬರೆಯಬೇಡಿ. ಆ ಮಾತು ಮನೆಯಲ್ಲೂ ಸ್ಟಾಫ್ ರೂಮಿನಲ್ಲೂ ಕೇಳಿ ಸಾಕಾಗಿದೆ. ನನಗೆ 42 ಬೇಕು.

ನವನಗರ_ಸೆಕ್ಟರ್

ಮೊದಲು ಒಂದು ಸಲಾಂ ಅಕ್ಕಾ. ಚಿಕೂನ್‌ಗುನ್ಯಾ ಆದ ಮೇಲೆ ಎದ್ದು ಓಡುವುದು ಸಣ್ಣ ಮಾತಲ್ಲ. ನಮ್ಮ ಬಾಗಲಕೋಟೆಯಲ್ಲಿ ನನ್ನ ಅಣ್ಣನಿಗೆ ಆಗಿತ್ತು, ಮೆಟ್ಟಿಲು ಇಳಿಯಲು ಗೋಡೆ ಹಿಡಿಯುತ್ತಿದ್ದ.

ವಾಚ್_ಬಿಚ್ಚಿಟ್ಟವ

ವಾಚ್ ಬಿಚ್ಚಿಡಿ. ನನ್ನ ಉತ್ತರ ಇಷ್ಟೇ.

ಫಿಸಿಯೋ_ಅಕ್ಕ

ವಾಚ್ ಆಮೇಲೆ ನೋಡೋಣ. ಮೇಡಂ, ಬೇರೆ ಮೂರು ಪ್ರಶ್ನೆ ಇವೆ, ಇಲ್ಲಿ ಉತ್ತರ ಬರೆಯಬೇಕು ಅಂತಿಲ್ಲ, ನಿಮಗೆ ನೀವೇ ಕೇಳಿಕೊಳ್ಳಿ. ಫ್ರಾಕ್ಚರ್ ಆದ ವರ್ಷ ತೂಕ ಇಳಿಸಲು ಊಟ ಕಡಿಮೆ ಮಾಡಿದ್ದಿರಾ? ಮುಟ್ಟು ತಪ್ಪುತ್ತಿತ್ತಾ? ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣಾಂಶ ತೋರಿಸುವ ರಕ್ತ ಪರೀಕ್ಷೆ), ವಿಟಮಿನ್ ಡಿ ಯಾವಾಗಲಾದರೂ ಚೆಕ್ ಮಾಡಿಸಿದ್ದೀರಾ?

ಯಾಕೆ ಕೇಳುತ್ತಿದ್ದೇನೆ ಅಂದರೆ, ಓಡುವ ಹೆಣ್ಣುಮಕ್ಕಳಲ್ಲಿ ಸ್ಟ್ರೆಸ್ ಫ್ರಾಕ್ಚರ್ ಬಂದರೆ ಎಲ್ಲರೂ ಶೂ ಕಡೆ, ರಸ್ತೆ ಕಡೆ ಬೆರಳು ಮಾಡುತ್ತಾರೆ. ಊಟದ ಕಡೆ ಯಾರೂ ನೋಡುವುದಿಲ್ಲ. ಖರ್ಚಾಗುವಷ್ಟು ತಿನ್ನದೆ ಓಡುತ್ತಾ ಹೋದರೆ ದೇಹ ಮೊದಲು ಮುಟ್ಟನ್ನು ನಿಲ್ಲಿಸುತ್ತದೆ, ಈಸ್ಟ್ರೋಜೆನ್ ಇಳಿಯುತ್ತದೆ, ಎಲುಬು ಸಡಿಲಾಗುತ್ತದೆ. ಆಗ ದಿನಾ ಓಡುವ ಅದೇ ಓಟಕ್ಕೆ ಎಲುಬಿನಲ್ಲಿ ಕೂದಲೆಳೆಯಷ್ಟು ಬಿರುಕು ಬೀಳುತ್ತದೆ. ನಲವತ್ತರ ಮೇಲೆ ಮುಟ್ಟು ಏರುಪೇರಾಗಲು ಬೇರೆ ಕಾರಣವೂ ಇರುತ್ತದೆ, ಅದಕ್ಕೆ ಡಾಕ್ಟರ್ ಹತ್ತಿರ ಸರಿಯಾಗಿ ಮಾತಾಡಿ. ಹಿಮೋಗ್ಲೋಬಿನ್ ಸರಿ ಇದ್ದರೂ ಫೆರಿಟಿನ್ ಕೆಳಗೆ ಇರಬಹುದು. ಅಂಥವರು "ಮೊದಲಿನ ಹಾಗೆ ಓಡಲು ಆಗುತ್ತಿಲ್ಲ, ಖುಷಿ ಇಲ್ಲ" ಅಂತಲೇ ನಮ್ಮ ಹತ್ತಿರ ಬರುತ್ತಾರೆ. ಖುಷಿ ಇಲ್ಲದ್ದು ಮನಸ್ಸಿನ ದೋಷ ಅಂತ ಮೊದಲೇ ತೀರ್ಮಾನ ಮಾಡಬೇಡಿ, ರಕ್ತ ಪರೀಕ್ಷೆ ಮಾಡಿಸಿ.

ಜನವರಿ ವಿಷಯ: ಈಗ ವಾರಕ್ಕೆ ಎಷ್ಟು ಓಡುತ್ತಿದ್ದೀರಿ?

ತಿಲಕವಾಡಿ_ಟೀಚರ್

ವಾರಕ್ಕೆ ಇಪ್ಪತ್ತು ಕಿಲೋಮೀಟರ್ ಆಸುಪಾಸು, ನಡಿಗೆ ಸೇರಿಸಿ. ಫೆರಿಟಿನ್ ಯಾವತ್ತೂ ನೋಡಿಸಿಲ್ಲ. ಉಳಿದ ಎರಡು ಪ್ರಶ್ನೆ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಇಷ್ಟು ಜನ ಡಾಕ್ಟರ್ ಹತ್ತಿರ ಹೋದೆ, ಯಾರೂ ಇದನ್ನು ಕೇಳಲಿಲ್ಲ. ಒಬ್ಬರಂತೂ ರಿಪೋರ್ಟ್ ಪೂರ್ತಿ ನೋಡದೆ "ಓಡೋದು ಬಿಟ್ಟುಬಿಡಿ" ಅಂದರು.

ಫಿಸಿಯೋ_ಅಕ್ಕ

ಹಾಗಿದ್ದರೆ ಜನವರಿ ಫುಲ್ ಬೇಡ. ಸೆಪ್ಟೆಂಬರ್ ಅರ್ಧ ಆಗಿಹೋಗಿದೆ. ಇಪ್ಪತ್ತರಿಂದ ಹತ್ತಿ, ಕೊನೆಗೆ ಒಂದೇ ಓಟದಲ್ಲಿ ಮೂವತ್ತು ಮುಟ್ಟಲು ಎಲುಬಿಗೆ ಟೈಮ್ ಸಾಲದು. ಉಸಿರು ಬೇಗ ತಯಾರಾಗುತ್ತದೆ, ಸ್ನಾಯು ಅದರ ಹಿಂದೆ, ಎಲುಬು ಎಲ್ಲಕ್ಕಿಂತ ಕೊನೆಗೆ. ನೀವು ಮೊದಲು ಹಾಫ್ ಓಡಿದವರು, ಉಸಿರು ಆರು ವಾರದಲ್ಲಿ ವಾಪಸ್ ಬರುತ್ತದೆ, ಅಪಾಯ ಇರುವುದೇ ಅಲ್ಲಿ. ಇನ್ನೂ ಓಡಬಹುದು ಅನಿಸುತ್ತದೆ, ಎಲುಬು ತಯಾರಿರುವುದಿಲ್ಲ.

ಹೆದ್ದಾರಿ_ಓಟ

ಒಪ್ಪುವುದಿಲ್ಲ. ಮಾರ್ಕೆಟ್‌ನಲ್ಲಿ ಇರುವ ಪ್ಲಾನ್‌ಗಳೆಲ್ಲ 16 ವಾರ, 18 ವಾರದ್ದು. ಈಗಿನಿಂದ ಜನವರಿ ಮೂರನೇ ಭಾನುವಾರಕ್ಕೆ ಸುಮಾರು ಅಷ್ಟೇ ಸಮಯ ಇದೆ. ಅಕ್ಕ ಹಳೆಯ ಓಟಗಾರ್ತಿ, ಹೊಸಬರಲ್ಲ. ವಾರಕ್ಕೆ ಹತ್ತು ಪರ್ಸೆಂಟ್ ಏರಿಸುತ್ತಾ ಹೋದರೆ ಆಗುತ್ತದೆ. ಎಲ್ಲದಕ್ಕೂ ಹೆದರಿಸುತ್ತಾ ಕೂತರೆ ಯಾರೂ ಮನೆಯಿಂದ ಹೊರಗೆ ಬರುವುದಿಲ್ಲ.

ಫಿಸಿಯೋ_ಅಕ್ಕ

ಆ ಪ್ಲಾನ್‌ಗಳು ಮೈಯಲ್ಲಿ ನೋವಿಲ್ಲದೆ ಮೊದಲೇ ವಾರಕ್ಕೆ ನಾಲ್ಕು ದಿನ ಓಡುತ್ತಿರುವವರಿಗೆ. ಹತ್ತು ಪರ್ಸೆಂಟ್ ಅನ್ನುವುದೂ ಕಣ್ಣಳತೆ ಅಷ್ಟೇ. ಇಪ್ಪತ್ತಕ್ಕೆ ಎರಡು ಸೇರಿಸುವುದು ಬೇರೆ, ಐವತ್ತಕ್ಕೆ ಐದು ಸೇರಿಸುವುದು ಬೇರೆ. ಮೇಡಂಗೆ ಎಲುಬು ಒಡೆದ ಚರಿತ್ರೆ ಇದೆ, ಆಮೇಲೆ ಕೀಲು ಹಿಡಿದ ಜ್ವರ. ಅವರಿಗೆ ಇನ್ನೊಂದು ಏಟು ಬೀಳಬಾರದು.

ಹೆದ್ದಾರಿ_ಓಟ

ಗುರಿ ಒಂದು ವರ್ಷ ದೂರ ಹೋದರೆ ಗುರಿನೇ ಇರಲ್ಲ. ನಾನು ಹತ್ತಾರು ಜನರನ್ನು ನೋಡಿದ್ದೇನೆ, "ಮುಂದಿನ ವರ್ಷ" ಅಂದವರು ಯಾರೂ ವಾಪಸ್ ಬಂದಿಲ್ಲ. ಇದನ್ನೂ ಲೆಕ್ಕಕ್ಕೆ ತಗೊಳ್ಳಿ.

ಹಳೆ_ಅಥ್ಲೀಟ್

ಮುಂದಿನ ವರ್ಷ ಅಂದವರು ಬರುವುದಿಲ್ಲವಾ? 54 ವರ್ಷ ಬಿಟ್ಟು ಬಂದವರಿದ್ದಾರೆ. ಜಪಾನಿನ ಶಿಜೊ ಕನಕುರಿ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್ ಮ್ಯಾರಥಾನಿನಲ್ಲಿ ಬಿಸಿಲು ತಡೆಯಲಾರದೆ ದಾರಿಯಲ್ಲೇ ಬಿದ್ದರು. ಅಲ್ಲಿನ ಒಂದು ಮನೆಯವರು ಉಪಚಾರ ಮಾಡಿದರು. ನಾಚಿಕೆಯಿಂದ ಯಾರಿಗೂ ಹೇಳದೆ ಊರಿಗೆ ಹೋಗಿಬಿಟ್ಟರು. ಸ್ವೀಡನ್ನಿನವರ ದಾಖಲೆಯಲ್ಲಿ ಮನುಷ್ಯ ನಾಪತ್ತೆ. 1967ರಲ್ಲಿ ಅವರನ್ನು ಕರೆಸಿ ಓಟ ಮುಗಿಸಿ ಅಂದರು. ಮುದುಕ ಓಡಿ ಗೆರೆ ದಾಟಿದ. ಸಮಯ: 54 ವರ್ಷ, 8 ತಿಂಗಳು, 6 ದಿನ, 5 ಗಂಟೆ, 32 ನಿಮಿಷ, 20.3 ಸೆಕೆಂಡು.

ಗುಮ್ಮಟದೂರು

ಓದಿ ಮೈ ಜುಮ್ ಅಂದಿತು ಸರ್. ಅಷ್ಟು ವರ್ಷ ಓಡದೇ ಇದ್ದವರು ಮತ್ತೆ ಓಡಿದ್ದು!

ಖಾನಾಪುರ_ಮಳೆ

ಓಡದೇ ಏನೂ ಇರಲಿಲ್ಲ. ಅರ್ಧ ಕಥೆಯಷ್ಟೇ ಎಲ್ಲ ಕಡೆ ತಿರುಗುತ್ತದೆ. ಕನಕುರಿ 1920ರಲ್ಲಿ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲೂ ಮ್ಯಾರಥಾನ್ ಓಡಿ 16ನೇ ಸ್ಥಾನ ಪಡೆದರು. 1924ರ ಪ್ಯಾರಿಸ್‌ಗೂ ಹೋಗಿದ್ದರು, ಅಲ್ಲಿ ಮುಗಿಸಲು ಆಗಲಿಲ್ಲ. ಜಪಾನಿನ ಹಕೋನೆ ಎಕಿಡೆನ್ ಅನ್ನುವ ದೂರದ ರಿಲೇ ಓಟ ಶುರುವಾಗಲು ಇವರೂ ಕಾರಣ. ಇಡೀ ಜೀವನ ಓಟದಲ್ಲೇ ಕಳೆದ ಮನುಷ್ಯ. ಟೀಚರ್‌ಗೆ ಈ ಕಥೆಯೇ ಜಾಸ್ತಿ ಉಪಯೋಗ ಅಂತ ನನಗೆ ಅನಿಸುತ್ತದೆ. ಒಮ್ಮೆ ಬಿದ್ದರು, ಇನ್ನೊಮ್ಮೆ ಮುಗಿಸಿದರು, ಮತ್ತೊಮ್ಮೆ ಬಿಟ್ಟರು, ಓಟ ಮಾತ್ರ ಬಿಡಲಿಲ್ಲ.

ಹಳೆ_ಅಥ್ಲೀಟ್

ಆಂಟ್‌ವರ್ಪ್ ಎತ್ತಿದ್ದು ಒಳ್ಳೆಯದಾಯಿತು. ಆ ಓಟದಲ್ಲಿ ನಮ್ಮ ಬೆಳಗಾವಿಯವರೂ ಇದ್ದರು! ಫಡೆಪ್ಪ ದರೆಪ್ಪ ಚೌಗುಲೆ. 2 ಗಂಟೆ 50 ನಿಮಿಷದ ಚಿಲ್ಲರೆಯಲ್ಲಿ ಮುಗಿಸಿ 19ನೇ ಸ್ಥಾನ. ಕನಕುರಿಗಿಂತ ಬರೀ ಎರಡು ನಿಮಿಷ ಹಿಂದೆ. ಆ ವರ್ಷದ ಹಾದಿ 42.195 ಅಲ್ಲ, 42.75 ಕಿಲೋಮೀಟರ್. ಇಂದಿನ ಅಳತೆ ನಿಂತಿದ್ದು 1921ರಲ್ಲಿ. ಪುಣೆಯ ಡೆಕ್ಕನ್ ಜಿಮ್‌ಖಾನಾದ ಸ್ಪರ್ಧೆಗಳಲ್ಲಿ ಬರಿಗಾಲಲ್ಲಿ ಓಡುವ ಹಳ್ಳಿ ಹುಡುಗರನ್ನು ನೋಡಿ ಉದ್ಯಮಿ ದೊರಾಬ್ಜಿ ಟಾಟಾ ಆಂಟ್‌ವರ್ಪ್‌ಗೆ ಭಾರತದ ತಂಡ ಕಳಿಸಲು ಮುಂದಾದರು. ನಮ್ಮ ಊರಲ್ಲಿ ಬೆಳಗ್ಗೆ ಓಡುವ ಎಷ್ಟು ಮಕ್ಕಳಿಗೆ ಈ ಹೆಸರು ಗೊತ್ತು? ಟೀಚರ್, ನಿಮ್ಮ ಕ್ಲಾಸಲ್ಲಿ ಹೇಳಿ.

ತಿಲಕವಾಡಿ_ಟೀಚರ್

ನಾಳೆಯೇ ಹೇಳುತ್ತೇನೆ ಸರ್. ನೂರು ವರ್ಷದ ಹಿಂದೆ ನಮ್ಮೂರಿನವರೊಬ್ಬರು ಅಲ್ಲಿ ಓಡಿದ್ದರು ಅಂತ ಓದಿದಾಗ ಕಣ್ಣು ತುಂಬಿತು.

ಬರಿಗಾಲು

ನೋಡಿ, ಬರಿಗಾಲಲ್ಲಿ ಓಡುತ್ತಿದ್ದವರು. ಶೂನೇ ಎಲ್ಲ ಗಾಯಕ್ಕೂ ಮೂಲ ಅಂತ ನಾನು ಹೇಳುತ್ತಲೇ ಬಂದಿದ್ದೇನೆ. ಅಕ್ಕಾ, ಶೂ ಬಿಡಿ, ವ್ಯಾಕ್ಸಿನ್ ಡಿಪೋದ ಮಣ್ಣಲ್ಲಿ ಶುರು ಮಾಡಿ.

ಫಿಸಿಯೋ_ಅಕ್ಕ

ಮಣ್ಣಲ್ಲಿ ಓಡಿ ಅನ್ನುವುದು ಸರಿ. ಶೂ ಬಿಡಿ ಅನ್ನುವುದು ಬೇಡ. ಚಿಕ್ಕಂದಿನಿಂದ ಬರಿಗಾಲಲ್ಲಿ ಹೊಲ ತಿರುಗಿದ ಕಾಲು ಬೇರೆ, ವರ್ಷಗಟ್ಟಲೆ ಶೂ ಹಾಕಿದ ಕಾಲು ಬೇರೆ. ಒಮ್ಮೆಲೇ ಬದಲಾಯಿಸಿದರೆ ಪಾದದ ಸಣ್ಣ ಎಲುಬುಗಳಿಗೆ ಪೆಟ್ಟು.

ಕಬ್ಬಿನ_ಸೀಮೆ

ನಾನು ಮುಧೋಳ ಕಡೆಯವನು, ನನ್ನ ಮಾತು ಸ್ವಲ್ಪ ಬೇರೆ. ಟೀಚರ್ ಅವರೇ, ಲಾಂಗ್ ರನ್ ಮಾಡುವ ಟೈಮಿಗೆ ಸರಿಯಾಗಿ ಕಬ್ಬಿನ ಸೀಸನ್ ಬರುತ್ತದೆ. ನವೆಂಬರ್‌ನಿಂದ ರಸ್ತೆ ತುಂಬ ಟ್ರ್ಯಾಕ್ಟರ್, ಹಿಂದೆ ಎರಡೆರಡು ಟ್ರೇಲರ್, ಹಿಂದಿನ ಲೈಟ್ ಇರಲ್ಲ, ಕಬ್ಬು ಎರಡೂ ಬದಿ ಹೊರಗೆ ಚಾಚಿರುತ್ತದೆ. ನಸುಕಿನಲ್ಲಿ ಓಡುವಾಗ ಬಲಬದಿಯಲ್ಲಿ ಓಡಿ, ಎದುರಿಂದ ಬರುವ ಗಾಡಿ ಕಾಣುತ್ತದೆ. ಹೊಳೆಯುವ ಪಟ್ಟಿ ಇರುವ ಜಾಕೆಟ್ ಹಾಕಿ, ಹಣೆಗೆ ಟಾರ್ಚ್ ಕಟ್ಟಿ. ಕಿವಿಗೆ ಇಯರ್‌ಫೋನ್ ಬೇಡವೇ ಬೇಡ. ನಮ್ಮ ಊರಲ್ಲಿ ಆರ್ಮಿ ಭರ್ತಿಗೆ ಓಡುವ ಹುಡುಗರು ನಾಲ್ಕೂವರೆಗೇ ಕತ್ತಲಲ್ಲಿ ರಸ್ತೆಗೆ ಇಳಿಯುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ, ಒಂದು ಪಂಚಾಯಿತಿಯಾದರೂ ಇವರಿಗೆ ಒಂದು ಮೈದಾನಕ್ಕೆ ಲೈಟ್ ಹಾಕಿಸಬಾರದಾ.

ನವನಗರ_ಸೆಕ್ಟರ್

ಈ ವಿಷಯದಲ್ಲಿ ನವನಗರ ಚೆನ್ನಾಗಿದೆ. ಆಲಮಟ್ಟಿ ಹಿನ್ನೀರಿಗೆ ಹಳೆ ಊರು ಹೋಯಿತು ಅಂತ ಪ್ಲಾನ್ ಮಾಡಿ ಕಟ್ಟಿದ ಊರು, ಸೆಕ್ಟರ್ ಒಳಗೆ ಅಗಲದ ರಸ್ತೆ, ಬೆಳಗ್ಗೆ ಗಾಡಿ ಕಡಿಮೆ. ಆದರೆ ನಾಯಿ! ಒಂದೊಂದು ಸೆಕ್ಟರಿಗೆ ಒಂದೊಂದು ಗುಂಪು.

ಗುಮ್ಮಟದೂರು

ನಾಯಿ ಬಂದರೆ ಓಡಬೇಡಿ, ನಿಂತುಬಿಡಿ, ನಡೆಯಿರಿ. ಓಡಿದರೆ ಅಟ್ಟಿಸಿಕೊಂಡು ಬರುತ್ತವೆ.

ವಾಚ್_ಬಿಚ್ಚಿಟ್ಟವ

ಸ್ವಲ್ಪ ಉದ್ದ ಬರೆಯುತ್ತೇನೆ, ಮೇಲೆ ಒಂದೇ ಸಾಲು ಬರೆದಿದ್ದು ಸಾಲದು ಅನಿಸಿತು.

ನನಗೆ ಬೈಕ್‌ನಿಂದ ಬಿದ್ದು ಮೊಣಕಾಲಿನ ಲಿಗಮೆಂಟ್ ಹರಿದಿತ್ತು. ಆಪರೇಷನ್ ಆಗಿ ಓಟಕ್ಕೆ ಮರಳಿದಾಗ ನಿಮ್ಮ ಹಾಗೇ ಆಯಿತು. ಪ್ರತಿ ಕಿಲೋಮೀಟರಿಗೆ ವಾಚ್ ಕಿರ್ ಅನ್ನುತ್ತದೆ, ನೋಡುತ್ತೇನೆ, ಹಳೆಯದಕ್ಕಿಂತ ಒಂದೂವರೆ ನಿಮಿಷ ನಿಧಾನ, ಅಲ್ಲಿಗೆ ಆ ಬೆಳಗು ಮುಗಿಯಿತು. ಒಂದು ದಿನ ನನ್ನ ತಮ್ಮನ ಮಗಳು, ಒಂಬತ್ತನೇ ಕ್ಲಾಸು, ಕಾಕಾ ನಾನೂ ಬರ್ತೀನಿ ಅಂದಳು. ಅವಳ ಜೊತೆ ಮಾತಾಡುತ್ತಾ ಓಡಿದೆ. ಶಾಲೆ, ಕಬಡ್ಡಿ ಟೀಮು, ಯಾರ ಜೊತೆ ಜಗಳ, ಎಲ್ಲ ಹೇಳಿದಳು. ಕೋಟೆಕೆರೆ ಸುತ್ತು ಯಾವಾಗ ಮುಗಿಯಿತೋ ಗೊತ್ತೇ ಆಗಲಿಲ್ಲ. ಪೂರ್ತಿ ವಾಕ್ಯ ಮಾತಾಡಲು ಆಗುವಷ್ಟು ನಿಧಾನ ಓಡಬೇಕು ಅಂತ ಕೋಚ್‌ಗಳು ಹೇಳುತ್ತಾರಲ್ಲ, ಅದು ಬಾಯಿಮಾತಲ್ಲ, ಲಾಂಗ್ ರನ್‌ಗೆ ಬೇಕಾದ ಸ್ಪೀಡ್ ಅದೇ. ಆ ಸ್ಪೀಡಿನಲ್ಲಿ ಓಡಿದರೆ ದೇಹ ಕೊಬ್ಬು ಉರಿಸುವುದನ್ನು ಕಲಿಯುತ್ತದೆ, ಮಾರನೇ ದಿನ ಕಾಲು ಜಡ ಆಗಲ್ಲ. ಜೊತೆಗೆ ಇನ್ನೊಬ್ಬರ ಮಾತು ಕೇಳಿಸುತ್ತದೆ. ಈಗ ವಾರಕ್ಕೊಮ್ಮೆ ಮಾತ್ರ ವಾಚ್ ಕಟ್ಟುತ್ತೇನೆ.

ಹೆದ್ದಾರಿ_ಓಟ

ಮಾತಾಡುತ್ತಾ ಓಡುವುದು ಒಳ್ಳೆಯದೇ, ಆದರೆ ಎಲ್ಲರಿಗೂ ಅದರಲ್ಲೇ ಖುಷಿ ಇರುತ್ತದೆ ಅಂತ ಯಾಕೆ ಅಂದುಕೊಳ್ಳುತ್ತೀರಿ? ನನಗೆ ಖುಷಿ ಸಿಗುವುದು ಕಷ್ಟದ ಓಟದಲ್ಲಿ. ಯಳ್ಳೂರಿನ ರಾಜಹಂಸಗಡ ಹತ್ತುವಾಗ ತೊಡೆ ಉರಿಯಬೇಕು, ಮೇಲೆ ನಿಂತು ಗಾಳಿ ಕುಡಿಯಬೇಕು. ಟೀಚರ್ ಕೂಡ ಅಂಥವರೇ ಇರಬಹುದು, ಅದಕ್ಕೇ 42 ಕೇಳುತ್ತಿದ್ದಾರೆ.

ತಿಲಕವಾಡಿ_ಟೀಚರ್

ಹೆದ್ದಾರಿ ಸರ್ ಹೇಳಿದ್ದು ನನಗೆ ಹತ್ತಿರ ಇದೆ. ನನಗೆ ದೂರ ಇಷ್ಟ. ಹದಿನೈದು ಕಿಲೋಮೀಟರ್ ಆದ ಮೇಲೆ ತಲೆಯಲ್ಲಿ ಇರುವ ಮನೆ, ಶಾಲೆ, ಮಾರ್ಕ್ಸ್ ಕಾರ್ಡ್ ಎಲ್ಲ ಒಂದೊಂದಾಗಿ ಬಿಟ್ಟುಹೋಗುತ್ತದೆ. ಆಮೇಲೆ ಬರೀ ಉಸಿರು, ರಸ್ತೆ. ಅದು ಸಣ್ಣ ಓಟದಲ್ಲಿ ಸಿಗುವುದಿಲ್ಲ. ಅದಕ್ಕೇ ಹಾಫ್ ಸಾಕಲ್ವಾ ಅಂದರೆ ನನಗೆ ಬೇಜಾರು. ಮೆಡಲ್‌ಗೋಸ್ಕರ ಕೇಳುತ್ತಿಲ್ಲ. ನಿಧಾನ ಓಡಿದರೂ ಆ ಹೊತ್ತು ಸಿಗುತ್ತದೆ, ಇಲ್ಲಿ ಬರೆಯುತ್ತಾ ಬರೆಯುತ್ತಾ ಅದು ಸ್ಪಷ್ಟವಾಯಿತು. ನನಗೆ ಬೇಕಿರುವುದು ಉದ್ದದ ಓಟ, ಸ್ಪೀಡ್ ಅಲ್ಲ.

ಖಾನಾಪುರ_ಮಳೆ

ಹಾಗಿದ್ದರೆ ಓಡು-ನಡೆ ಪದ್ಧತಿ ನಿಮಗೇ ಮಾಡಿದ ಹಾಗಿದೆ. ನಾಲ್ಕು ನಿಮಿಷ ಓಟ, ಒಂದು ನಿಮಿಷ ನಡಿಗೆ, ಮೊದಲ ಕಿಲೋಮೀಟರಿನಿಂದಲೇ. ಸುಸ್ತಾದ ಮೇಲೆ ನಡೆಯುವುದಲ್ಲ. ಇದನ್ನು ಜನಪ್ರಿಯ ಮಾಡಿದ ಜೆಫ್ ಗ್ಯಾಲೋವೇ 1972ರ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದವರು, ಆದ್ದರಿಂದ ಇದು ಆಗದವರ ಪದ್ಧತಿ ಅಂತ ಯಾರಾದರೂ ಅಂದರೆ ನಂಬಬೇಡಿ. ಖಾನಾಪುರ ರಸ್ತೆಯಲ್ಲಿ ನಾನು ಹೀಗೇ ಮೂವತ್ತು ಓಡುತ್ತೇನೆ, ಮಧ್ಯಾಹ್ನ ಮನೆಗೆಲಸ ಎಲ್ಲ ಮಾಡಲು ಮೈಯಲ್ಲಿ ಕಸುವು ಉಳಿದಿರುತ್ತದೆ.

ಫಿಸಿಯೋ_ಅಕ್ಕ

ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಇನ್ನು ಮುಂಬೈಯ ವಾಂತಿ ಬಗ್ಗೆ: ದಾರಿಯಲ್ಲಿ ಏನು ಕುಡಿದಿರಿ ಮೇಡಂ?

ತಿಲಕವಾಡಿ_ಟೀಚರ್

ಪ್ರತಿ ಸ್ಟಾಲ್‌ನಲ್ಲೂ ನೀರು. ಬೆವರು ಧಾರಾಕಾರ ಹರಿಯುತ್ತಿತ್ತು, ನಮ್ಮ ಬೆಳಗಾವಿಯ ಜನವರಿ ಚಳಿಯಲ್ಲಿ ತಯಾರಿ ಮಾಡಿ ಅಲ್ಲಿನ ತೇವದ ಸೆಕೆಗೆ ಹೋಗಿದ್ದೆ. ಓಡುವಾಗ ಶಕ್ತಿಗೆ ತಿನ್ನುವ ಸಿಹಿ ಜೆಲ್ ಎರಡು ತಗೊಂಡೆ, ಮೊದಲ ಸಲ ತಿಂದಿದ್ದೇ ಅಲ್ಲಿ.

ಫಿಸಿಯೋ_ಅಕ್ಕ

ಬರೀ ನೀರು ಜಾಸ್ತಿ ಆದರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ. ಓಕರಿಕೆ, ತಲೆನೋವು, ಜೋರಾದರೆ ಪ್ರಜ್ಞೆಯೂ ತಪ್ಪುತ್ತದೆ, ಪ್ರಾಣಕ್ಕೂ ಅಪಾಯ. ನಿಮಗೆ ಅದೇ ಆಗಿತ್ತು ಅಂತ ನಾನು ದೂರದಿಂದ ಹೇಳಲಾರೆ, ಅಭ್ಯಾಸವಿಲ್ಲದ ಜೆಲ್ ಕೂಡ ಹೊಟ್ಟೆ ತೊಳೆಸುತ್ತದೆ. ಬಾಯಾರಿಕೆ ಆದಾಗ ಕುಡಿಯಿರಿ, ಜೊತೆಗೆ ಓಆರ್‌ಎಸ್ ಇರಲಿ. ದೊಡ್ಡ ಪ್ಯಾಕೆಟ್ ಅಂದರೆ ಒಂದು ಲೀಟರ್ ನೀರಿಗೆ, ಅರ್ಧ ಲೀಟರಿಗೆ ಸುರಿಯಬೇಡಿ. ಓಟದ ದಿನ ನೋವಿನ ಮಾತ್ರೆ ನುಂಗಿ ಓಡಬೇಡಿ, ಬೆವರಿ ನೀರು ಕಮ್ಮಿ ಆದಾಗ ಐಬುಪ್ರೊಫೇನ್ ಥರದ್ದು ಕಿಡ್ನಿಗೆ ಹೊಡೆತ. ಏನೇ ತಿಂದರೂ ಲಾಂಗ್ ರನ್‌ನಲ್ಲಿ ಮೊದಲೇ ತಿಂದು ನೋಡಿರಬೇಕು.

ಕಬ್ಬಿನ_ಸೀಮೆ

ಜೆಲ್ ಯಾಕೆ ಬೇಕು, ಕರದಂಟು ಇಟ್ಟುಕೊಳ್ಳಿ. ಬೆಲ್ಲ, ಅಂಟು, ಒಣಕೊಬ್ಬರಿ, ಉತ್ತತ್ತಿ. ಅಮೀನಗಡದ್ದು ಒಂದು ತುಂಡು ಜೇಬಲ್ಲಿದ್ದರೆ ಹತ್ತು ಕಿಲೋಮೀಟರ್ ಹೋಗುತ್ತೀರಿ.

ಗೋಕಾಕ_ನೀರು

ಕರದಂಟು ಅಂದರೆ ಗೋಕಾಕ. ಅಮೀನಗಡದ ಹೆಸರು ಮೊದಲು ಹೇಳಿದ್ದಕ್ಕೆ ನನ್ನ ತಕರಾರು ಇದೆ.

ಕಬ್ಬಿನ_ಸೀಮೆ

ತಿಂದು ನೋಡಿ ಮಾತಾಡಿ ಸರ್.

ಗೋಕಾಕ_ನೀರು

ಹುಟ್ಟಿದಾಗಿನಿಂದ ತಿನ್ನುತ್ತಿದ್ದೇನೆ ಸರ್.

ಫಿಸಿಯೋ_ಅಕ್ಕ

ಎರಡೂ ಊರಿನದು ನನಗೆ ಇಷ್ಟ, ಆದರೆ ಓಡುವಾಗ ಬೇಡ. ಕೊಬ್ಬರಿ, ಗೋಡಂಬಿ, ತುಪ್ಪದ ಕೊಬ್ಬು ಕರಗಲು ಹೊತ್ತು ಬೇಕು, ಹೊಟ್ಟೆ ಭಾರ ಆಗುತ್ತದೆ. ಅಗಿಯುವಾಗ ಉಸಿರೂ ಕಟ್ಟುತ್ತದೆ. ಓಡುವಾಗ ಬಾಳೆಹಣ್ಣು, ಖರ್ಜೂರ, ಬೆಲ್ಲದ ಸಣ್ಣ ತುಂಡು ಸಾಕು. ಓಟ ಮುಗಿದ ಮೇಲೆ ಕರದಂಟು ತಿನ್ನಿ.

ನವನಗರ_ಸೆಕ್ಟರ್

ಹಿಂದಿನ ರಾತ್ರಿ ಜೋಳದ ರೊಟ್ಟಿ ಬೇಡ ಅಂತ ಒಬ್ಬರು ಹೇಳಿದ್ದರು, ನಿಜವಾ?

ಖಾನಾಪುರ_ಮಳೆ

ದಿನಾ ತಿನ್ನುವವರಿಗೆ ರೊಟ್ಟಿ ಏನೂ ಮಾಡಲ್ಲ. ಆದರೆ ನಾರು ಜಾಸ್ತಿ ಅಂತ ನಾನು ಹಿಂದಿನ ದಿನ ಅನ್ನ, ತಿಳಿಸಾರು. ಖಾರದ ಚಟ್ನಿ ಮಾತ್ರ ಆ ದಿನ ದೂರ.

ಗುಮ್ಮಟದೂರು

ಟೀಚರ್, ನಡುವೆ ಒಂದು ಮೆಟ್ಟಿಲು ಬೇಕು ಅಂದರೆ ನಮ್ಮ ವಿಜಯಪುರಕ್ಕೆ ಬನ್ನಿ. ವೃಕ್ಷೋಥಾನ್ ಹೆರಿಟೇಜ್ ರನ್‌ನಲ್ಲಿ 21 ಕಿಲೋಮೀಟರ್ ಇದೆ, ಡಿಸೆಂಬರ್ ಸುಮಾರಿಗೆ ನಡೆಯುತ್ತದೆ. ಬೇಸಿಗೆಯಲ್ಲಿ ನಮ್ಮ ಊರು ನಲವತ್ತು ಡಿಗ್ರಿ ದಾಟುತ್ತದೆ, ಡಿಸೆಂಬರ್ ಬೆಳಗು ಮಾತ್ರ ಓಡಲೆಂದೇ ಇರುವ ಹಾಗಿರುತ್ತದೆ. ಫುಲ್ ಬದಲಿಗೆ ಹಾಫ್ ಓಡಿ ಅಂತ ಹೇಳುತ್ತಿಲ್ಲ, ಫುಲ್‌ನ ದಾರಿಯಲ್ಲಿ ಒಂದು ನಿಲ್ದಾಣ. ಓಡು-ನಡೆ ಮಾಡಿ ಬನ್ನಿ, ನಮ್ಮ ಮನೆಯಲ್ಲೇ ಉಳಿಯಿರಿ, ನನ್ನ ಹೆಂಡತಿಯೂ 10 ಕಿಲೋಮೀಟರ್ ಓಡುತ್ತಾಳೆ.

ಹೆದ್ದಾರಿ_ಓಟ

ಇದು ಸರಿಯಾದ ಮಾತು. ಡಿಸೆಂಬರ್‌ನಲ್ಲಿ ಗುರಿ ಇದ್ದರೆ ನನ್ನ ತಕರಾರು ಇಲ್ಲ. ಆದರೆ ಅದಾದ ಮೇಲೆ ಬಿಡಬಾರದು, ಫೆಬ್ರವರಿಯಿಂದ ನೇರವಾಗಿ ಮುಂದಿನ ಫುಲ್‌ಗೆ ತಳ ಹಾಕಬೇಕು. ವಾರಕ್ಕೆ ಎರಡು ದಿನ ಕಾಲಿಗೆ ಭಾರದ ವ್ಯಾಯಾಮವೂ ಇರಲಿ, ಬರೀ ಓಟದಿಂದ ಆಗಲ್ಲ.

ಫಿಸಿಯೋ_ಅಕ್ಕ

ಕೊನೆಗೂ ಒಂದು ವಿಷಯದಲ್ಲಿ ನಾನೂ ನೀವೂ ಒಂದೇ ಕಡೆ. ಮೀನಖಂಡಕ್ಕೆ ಮೆಟ್ಟಿಲಂಚಿನಲ್ಲಿ ಹಿಮ್ಮಡಿ ಎತ್ತಿ ಇಳಿಸುವುದು, ಬೈಠಕ್, ಒಂಟಿ ಕಾಲಲ್ಲಿ ನಿಲ್ಲುವುದು. ಮುಂಗಾಲಿನ ಎಲುಬಿನ ಮೇಲೆ ಬೆರಳಿಟ್ಟು ಒತ್ತಿದಾಗ ಒಂದೇ ಬಿಂದುವಿನಲ್ಲಿ ನೋವು ಬಂದರೆ ಅವತ್ತೇ ಓಟ ನಿಲ್ಲಿಸಿ ತೋರಿಸಿ. ಇಡೀ ಕಾಲು ಬಿಗಿ ಅನಿಸಿದರೆ ಅದು ಬೇರೆ, ಅದಕ್ಕೆ ಹೆದರಬೇಡಿ. ಈ ವ್ಯತ್ಯಾಸ ಗೊತ್ತಿದ್ದರೆ ಎದೆ ಝಲ್ ಅನ್ನುವುದು ಅರ್ಧ ಕಡಿಮೆ ಆಗುತ್ತದೆ.

ತಿಲಕವಾಡಿ_ಟೀಚರ್

ಎಲ್ಲ ಓದಿದೆ, ಎರಡೆರಡು ಸಲ. ತೀರ್ಮಾನ ಹೇಳುತ್ತೇನೆ. ಈ ಜನವರಿ ಬಿಡುತ್ತೇನೆ. ಈ ವಾರ ರಕ್ತ ಪರೀಕ್ಷೆ. ಡಿಸೆಂಬರ್‌ನಲ್ಲಿ ವಿಜಯಪುರ, ಓಡು-ನಡೆ. ಅದರ ಮುಂದಿನ ಜನವರಿಗೆ ಮುಂಬೈ, ಇದನ್ನು ಯಾರೂ ತಪ್ಪಿಸಬೇಡಿ. ಅಕ್ಟೋಬರ್‌ನಿಂದ ಭಾನುವಾರದ ಉದ್ದದ ಓಟಕ್ಕೆ ಜೊತೆ ಬೇಕು. ಒಬ್ಬಳೇ ನಸುಕಿನಲ್ಲಿ ಹೊರಡಲು ಮನೆಯಲ್ಲಿ ಹೆದರುತ್ತಾರೆ, ನನಗೂ ಖಾಲಿ ರಸ್ತೆ ಇಷ್ಟವಿಲ್ಲ. ಬೆಳಗಾವಿಯಲ್ಲಿ ಓಡುವ ಹೆಣ್ಣುಮಕ್ಕಳು ಯಾರಾದರೂ ಇದ್ದೀರಾ? ಸ್ಪೀಡ್ ಬೇಡ, ಮಾತಾಡುವ ಸ್ಪೀಡ್ ಸಾಕು.

ಹಿಂಡಲಗಾ_ಹಾದಿ

ನಾನಿದ್ದೇನೆ ಅಕ್ಕಾ. ಇಷ್ಟು ದಿನ ಸುಮ್ನೆ ಓದುತ್ತಿದ್ದೆ, ಇವತ್ತೇ ಅಕೌಂಟ್ ತೆರೆದೆ. ಎರಡನೇ ಹೆರಿಗೆ ಆದ ಮೇಲೆ ಈಗಷ್ಟೇ ಶುರು ಮಾಡಿದ್ದೇನೆ, ಐದು ಕಿಲೋಮೀಟರ್ ಆಗುತ್ತದೆ. ನಿಮ್ಮ ಜೊತೆ ಮೊದಲ ಐದು ಬರುತ್ತೇನೆ, ಆಮೇಲೆ ನೀವು ಮುಂದೆ ಹೋಗಿ.

ಖಾನಾಪುರ_ಮಳೆ

ನಾನೂ ಬರುತ್ತೇನೆ, ಭಾನುವಾರ ಬೆಳಗಿನ ಬಸ್ಸಿಗೆ ಬಂದರೆ ಆರಕ್ಕೆ ಅಲ್ಲಿರುತ್ತೇನೆ. ಎಲ್ಲಿ ಸೇರುವುದು?

ತಿಲಕವಾಡಿ_ಟೀಚರ್

ಆರಕ್ಕೆ ವ್ಯಾಕ್ಸಿನ್ ಡಿಪೋ ಗೇಟ್. ಒಳಗೆ ಮಣ್ಣಲ್ಲಿ ಎರಡು ಸುತ್ತು ಹೊಡೆದು ಮೈ ಬಿಸಿ ಮಾಡಿ ಕಾಂಗ್ರೆಸ್ ರಸ್ತೆಗೆ ಇಳಿಯೋಣ. ಹಿಂಡಲಗಾ ಅವರೇ, ಮಗುವಿನ ಟೈಮ್ ನೋಡಿಕೊಂಡು ಬನ್ನಿ, ಆರೂವರೆ ಆದರೂ ಪರವಾಗಿಲ್ಲ.

ಹಿಂಡಲಗಾ_ಹಾದಿ

ಆರಕ್ಕೇ ಬರುತ್ತೇನೆ. ಅತ್ತೆ ನೋಡಿಕೊಳ್ಳುತ್ತಾರಂತೆ, ಅವರಿಗೆ ಈ ಚರ್ಚೆ ಪೂರ್ತಿ ಓದಿ ಹೇಳಿದೆ. ಕರದಂಟು ಗೋಕಾಕದ್ದೇ ಅಂತ ಹೇಳಲು ತಿಳಿಸಿದ್ದಾರೆ.

ಕಬ್ಬಿನ_ಸೀಮೆ

ಅತ್ತೆಯವರಿಗೆ ಅಮೀನಗಡದ್ದು ಒಂದು ಕಿಲೋ ಪಾರ್ಸೆಲ್ ಕಳಿಸುತ್ತೇನೆ, ತಿಂದ ಮೇಲೆ ಹೇಳಲಿ.